ಗಿಳಿಯ ದನಿ ಯಾರದು?

ಬಿ. ವಿ. ಕಾರಂತರ ‘ಪಂಜರ ಶಾಲೆ’ ಮಕ್ಕಳ ನಾಟಕವೇ ಸರಿ. ನೋಡಿ ನಾಚಬೇಕಾದವರು ಮಾತ್ರ ನಾವು ಮೇಷ್ಟ್ರು, ಮೇಡಮ್ಮುಗಳು. ರವೀಂದ್ರನಾಥ ಠಾಕೂರರ ಕಥೆಯದು: ಗಿಳಿಗೆ ವಿದ್ಯೆ ಕಲಿಸಲು ಅರಸನಿಂದ ಚಿನ್ನದ ಪಂಜರ, ಪುಸ್ತಕದ ಹಾಳೆಗಳನ್ನು ಬಾಯಿಗೆ ತುರುಕಿ ತುರುಕಿ ಅದರ ಹಾಡೂ ನಿಂತಿತು, ಉಸಿರೂ ನಿಂತಿತು. ಕಾರಂತರು 1989ರಲ್ಲಿ ನಮ್ಮ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದವರು, ಹಾಡಿನಿಂದಲೇ ನಾಟಕ ಕಟ್ಟಿದವರು.

ಈಚೆಗೆ ಇದನ್ನೇ ಇಲ್ಲಿನ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಆಡಿಸಿದರು. ಮಾತು, ಹಾಡು ಎಲ್ಲ ಮೊದಲೇ ಮುದ್ರಿಸಿದ್ದು! ಮಕ್ಕಳು ಬರೀ ತುಟಿ ಅಲ್ಲಾಡಿಸಿದರು. ಬಾಡಿಗೆಯ ಜರಿ ಉಡುಪೇನೋ ಫೋಟೋಕ್ಕೆ ಚೆನ್ನಾಗಿತ್ತು. ತಾಯಂದಿರಿಗೂ ಅಷ್ಟೇ ಸಾಕಾಯಿತೇನೋ. ಗಿಳಿಯ ಪಾತ್ರದ ಹುಡುಗಿ ಪರದೆಯ ಹಿಂದೆ ಹಾಡಿಕೊಳ್ಳುತ್ತಿದ್ದಳು. ಶ್ರುತಿ ಕೊಂಚ ತಪ್ಪುತ್ತಿತ್ತು. ನನಗೆ ವೇದಿಕೆಯ ಮೇಲೆ ಬೇಕಿದ್ದದ್ದು ಆ ದನಿಯೇ.