ಮಿಲೆನಿಯಂ ಸೇತುವೆ ಓಲಾಡಿದ್ದೇಕೆ? – ಒಂದು ವಿವರಣೆಯ ವಿಮರ್ಶೆ

ಸೈನಿಕರು ಸೇತುವೆ ದಾಟುವಾಗ ಹೆಜ್ಜೆ ತಪ್ಪಿಸಿ ನಡೆಯಬೇಕು ಎಂಬ ಮಾತನ್ನು ನೀವು ತರಗತಿಯಲ್ಲಿ ಕೇಳಿರಬಹುದು. ಶಿಕ್ಷಕರಾಗಿದ್ದರೆ ಹೇಳಿಯೂ ಇರಬಹುದು. ಅನುರಣನಕ್ಕೆ ಅದು ಒಳ್ಳೆಯ ಉದಾಹರಣೆ. ಆದರೆ ಲಂಡನ್ನಿನ ಮಿಲೆನಿಯಂ ಸೇತುವೆಗೂ ಅದೇ ವಿವರಣೆ ಸಾಕೆ?

ಥೇಮ್ಸ್ ನದಿಯ ಮೇಲಿನ ಈ ಕಾಲುಸೇತುವೆ 2000ದ ಜೂನ್ 10ರಂದು ಜನರಿಗೆ ತೆರೆಯಿತು. ಜನ ಕಿಕ್ಕಿರಿದಂತೆ ಅದು ಅಕ್ಕಪಕ್ಕಕ್ಕೆ ಓಲಾಡತೊಡಗಿತು. ಎರಡೇ ದಿನಗಳಲ್ಲಿ ಅದನ್ನು ಮುಚ್ಚಬೇಕಾಯಿತು. ನಡೆಯುವವರೆಲ್ಲ ಅರಿವಿಲ್ಲದೆ ಒಂದೇ ಲಯದಲ್ಲಿ ಹೆಜ್ಜೆ ಹಾಕಿದ್ದೇ ಇದಕ್ಕೆ ಕಾರಣ ಎಂಬ ವಿವರಣೆ ಬೇಗ ಹರಡಿತು. 2005ರಲ್ಲಿ ಸ್ಟೀವನ್ ಸ್ಟ್ರೋಗಾಟ್ಸ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಅದಕ್ಕೆ ಸೊಗಸಾದ ಗಣಿತರೂಪ ಕೊಟ್ಟರು.

ಈ ವಿವರಣೆಯ ದೌರ್ಬಲ್ಯ ಎಲ್ಲಿದೆ? ಹೆಜ್ಜೆಗಳು ಕೂಡಿದ್ದು ಓಲಾಟಕ್ಕೆ ಕಾರಣವೋ, ಓಲಾಟದ ಪರಿಣಾಮವೋ ಎಂಬುದನ್ನು ಅದು ಬೇರ್ಪಡಿಸುವುದಿಲ್ಲ. ಸೇತುವೆಯನ್ನು ವಿನ್ಯಾಸಗೊಳಿಸಿದ ಅರೂಪ್ ಸಂಸ್ಥೆಯ ಎಂಜಿನಿಯರರು ಜನರನ್ನು ಅದರ ಮೇಲೆ ನಡೆಸಿ, ಸಂಖ್ಯೆಯನ್ನು ಹಂತಹಂತವಾಗಿ ಹೆಚ್ಚಿಸುತ್ತ ಅಳೆದರು. ಉತ್ತರದ ಅಂಕಣದಲ್ಲಿ ಸುಮಾರು 160 ಜನರವರೆಗೆ ಓಲಾಟ ಅಲ್ಪ. ಮುಂದೆ ಕೆಲವರು ಸೇರಿದೊಡನೆ ಅದು ರಭಸದಿಂದ ಬೆಳೆಯಿತು. ಜನ ಅಡ್ಡಲಾಗಿ ಹಾಕುವ ಬಲ ಸೇತುವೆಯ ವೇಗಕ್ಕೆ ಅನುಪಾತದಲ್ಲಿರುವುದೂ ಕಂಡಿತು. ಎಂದರೆ ಪ್ರತಿಯೊಬ್ಬರೂ ಕಂಪನಕ್ಕೆ ಒಂದಿಷ್ಟು ಶಕ್ತಿ ತುಂಬುತ್ತಾರೆ. ಸೇತುವೆ ತನ್ನೊಳಗೆ ಕಳೆದುಕೊಳ್ಳುವ ಶಕ್ತಿಗಿಂತ ಅದು ಹೆಚ್ಚಾದಾಗ ಓಲಾಟ ಬೆಳೆಯುತ್ತದೆ.

2021ರಲ್ಲಿ 'ನೇಚರ್ ಕಮ್ಯುನಿಕೇಶನ್ಸ್' ಪ್ರಕಟಿಸಿದ ಅಧ್ಯಯನ ಇದನ್ನು ಇನ್ನೂ ಸ್ಪಷ್ಟಪಡಿಸಿತು. ಬೀಳದಿರಲು ಪ್ರತಿಯೊಬ್ಬರೂ ಪಾದವನ್ನು ತುಸು ಅತ್ತಿತ್ತ ಇಡುವುದೇ ಸಾಕು, ಹೆಜ್ಜೆಗಳು ಕೂಡಬೇಕಿಲ್ಲ. 2005ರ ಪ್ರಬಂಧದ ಸಹಲೇಖಕ ಅಲನ್ ಮೆಕ್ರೋಬಿ ಇದಕ್ಕೂ ಸಹಲೇಖಕರು. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆ ಇದು.

ಪರಿಹಾರವನ್ನೂ ನೋಡಿ. ಸೇತುವೆಯನ್ನು ಬಿಗಿಗೊಳಿಸಿ ಅದರ ಆವೃತ್ತಿ ಬದಲಿಸುವ ದಾರಿಯನ್ನು ಎಂಜಿನಿಯರರು ಹಿಡಿಯಲಿಲ್ಲ. ಕಂಪನಶಕ್ತಿಯನ್ನು ಹೀರಿ ಶಾಖವಾಗಿಸುವ 37 ಸ್ನಿಗ್ಧದ್ರವ ಡ್ಯಾಂಪರುಗಳನ್ನೂ, ಜೊತೆಗೆ ಸ್ಪ್ರಿಂಗಿಗೆ ಕಟ್ಟಿದ ತೂಕಗಳುಳ್ಳ ಡ್ಯಾಂಪರುಗಳನ್ನೂ ಅಳವಡಿಸಿದರು. 2002ರ ಫೆಬ್ರುವರಿಯಲ್ಲಿ ಸೇತುವೆ ಮತ್ತೆ ತೆರೆಯಿತು.

ಹೆಜ್ಜೆಯ ಲಯವನ್ನಷ್ಟೇ ಗಮನಿಸುವ ವಿನ್ಯಾಸಕಾರ, ಲಯ ಹೊಂದದ ಸೇತುವೆಯನ್ನು ಸುರಕ್ಷಿತವೆಂದು ಬಿಟ್ಟುಬಿಡಬಹುದು. ಆದ್ದರಿಂದ ಅನುರಣನದ ಪಾಠದಲ್ಲಿ 'ಆವೃತ್ತಿ ಹೊಂದಿತೆ?' ಎಂದು ಕೇಳಿ ನಿಲ್ಲಿಸಬೇಡಿ. 'ಶಕ್ತಿ ಎಲ್ಲಿಂದ ಬಂತು? ಎಲ್ಲಿ ಹೋಯಿತು?' ಎಂದೂ ಕೇಳಿ.