ಧರ್ಮನಿಷ್ಠೆಯೂ ರಾಷ್ಟ್ರನಿಷ್ಠೆಯೂ: ಕೋಲಾರದ ಕ್ರೈಸ್ತಸಭೆಯ ಚರಿತ್ರಲೇಖನ — ಒಂದು ವಿಮರ್ಶೆ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಕ್ರೈಸ್ತ ಸಮಾಜವನ್ನು ಅರಿಯಲು ನಾವು ಸಾಮಾನ್ಯವಾಗಿ ಆಶ್ರಯಿಸುವ ಬರವಣಿಗೆ ಎರಡು ಬಗೆಯದು: ಮಿಷನ್ ಸಂಸ್ಥೆಗಳ ವರದಿಗಳು ಮತ್ತು ಸ್ವಾತಂತ್ರ್ಯ ಚಳವಳಿಯ ಚರಿತ್ರೆಗಳು. ಮೊದಲನೆಯದರಲ್ಲಿ ದೇಶೀಯ ಕ್ರೈಸ್ತನು ಸಭೆಯ ಲೆಕ್ಕಕ್ಕೆ ಸೇರಿದ ಒಂದು ಅಂಕಿ. ಎರಡನೆಯದರಲ್ಲಿ ಅವನು ಬಹುಮಟ್ಟಿಗೆ ಕಾಣಿಸುವುದೇ ಇಲ್ಲ. ಈ ಅಭಾವವನ್ನೇ ಆಧಾರವಾಗಿಟ್ಟುಕೊಂಡು, ಅವನ ನಿಷ್ಠೆ ಸಭೆಗೋ ರಾಷ್ಟ್ರಕ್ಕೋ ಎಂದು ಕೇಳುವ ವಾಡಿಕೆ ಬೆಳೆದಿದೆ. ಕೇಳಬಾರದೆಂದಲ್ಲ, ಯಾರನ್ನು, ಯಾವ ಕಾಲದ ಯಾವ ಅಧಿಕಾರವನ್ನು ಕುರಿತು ಕೇಳುತ್ತಿದ್ದೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಧಾತು, ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ (1876–78) ತಬ್ಬಲಿಗಳಾದ ಮಕ್ಕಳಿಗಾಗಿ ಮಿಸ್ ಆನ್‌ಸ್ಟೇ ಎಂಬ ಆಂಗ್ಲ ಮಹಿಳೆ ಕೋಲಾರದಲ್ಲಿ ಅನಾಥಾಲಯವನ್ನು ನಡೆಸಿದರು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿತು. 1890ರಲ್ಲಿ ಮಿಷನ್ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಸೇರಿತು. ಹೀಗೆ ಕ್ಷಾಮದಲ್ಲಿ ಬದುಕಿ ಉಳಿದ ಮಗುವೊಂದು ಪ್ರಾಯಕ್ಕೆ ಬರುವ ವೇಳೆಗೆ ಅದರ ಮೇಲೆ ಮಹಾರಾಜರ ಸರ್ಕಾರವಿತ್ತು, ಅದರಾಚೆ ಬ್ರಿಟಿಷ್ ಸಾರ್ವಭೌಮತ್ವವಿತ್ತು, ಸಮುದ್ರದಾಚೆ ಸಭೆಯ ಆಡಳಿತವಿತ್ತು. ಆ ಮಗು ರಾಷ್ಟ್ರವನ್ನು ಬಿಟ್ಟು ಸಭೆಯನ್ನು ಆರಿಸಿಕೊಂಡಿತೆಂದು ಬರೆಯುವಂತಿಲ್ಲ. ಅದು ಆರಿಸಿಕೊಂಡದ್ದು ಗಂಜಿಯನ್ನು. ಕಾಂಗ್ರೆಸ್ ಹುಟ್ಟಿದ್ದೇ 1885ರಲ್ಲಿ. ಆ ಮಗುವನ್ನು ಸುವಾರ್ತೆಯ ಸುಗ್ಗಿಯೆಂದು ಎಣಿಸಿಕೊಳ್ಳುವುದೂ ಅಷ್ಟೇ ಅನುಚಿತ.

ಇನ್ನು ಮಿಷನರಿಗಳ ಮಾತು. ಒಂದನೆಯ ಮಹಾಯುದ್ಧದ ತರುವಾಯ ಬ್ರಿಟಿಷರಲ್ಲದ ಮಿಷನರಿಗಳು, ತಾವು ಸ್ಥಾಪಿತ ಸರ್ಕಾರವನ್ನು ಗೌರವಿಸುವೆವು, ರಾಜಕೀಯದಲ್ಲಿ ಕೈಹಾಕೆವು ಎಂಬ ವಾಗ್ದಾನಕ್ಕೆ ಬದ್ಧರಾಗಬೇಕಾಯಿತು. ಲಕ್ನೋದ ಆಶ್ರಮದಲ್ಲಿದ್ದ ಅಮೆರಿಕದ ಮೆಥಡಿಸ್ಟ್ ಮಿಷನರಿ ಜೇ ಹೋಮ್ಸ್ ಸ್ಮಿತ್ ಇದನ್ನು ಬಹಿರಂಗವಾಗಿ ವಿರೋಧಿಸಿ 1940ರಲ್ಲಿ ದೇಶ ಬಿಡಬೇಕಾಯಿತು. ವಾಗ್ದಾನವು ಸರ್ಕಾರಕ್ಕೆ ಕೊಟ್ಟದ್ದೇ ಹೊರತು ರಾಷ್ಟ್ರಕ್ಕಲ್ಲ; ಕೊಟ್ಟವನು ವಿದೇಶೀಯನೇ ಹೊರತು ದೇಶೀಯ ಕ್ರೈಸ್ತನಲ್ಲ. 1938ರ ಏಪ್ರಿಲ್ 25ರಂದು, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಗುಂಡು ಹಾರಿದಂಥ ಘಟನೆಯ ಬಗ್ಗೆ ಮಿಷನರಿಯ ವರದಿಯೊಂದು ಮೌನವಾಗಿದ್ದರೆ ಆ ಮೌನ ವಾಗ್ದಾನ ಕೊಟ್ಟವನದು. ಅದನ್ನು ಮುಳಬಾಗಿಲಿನ ಕ್ರೈಸ್ತ ರೈತನ ಮೌನವೆಂದು ಓದುವುದು ಆಕರ ವಿಮರ್ಶೆಯ ಮೊದಲ ನಿಯಮವನ್ನೇ ಮೀರಿದಂತೆ.

ಆದರೆ ಸಭೆಯ ಪರವಾಗಿ ವಾದಿಸುವವರು ಸುಲಭವಾಗಿ ದಾಟಿಹೋಗುವ ಸಂಗತಿಯೂ ಒಂದುಂಟು. ಸ್ವಾತಂತ್ರ್ಯ ಬಂದ ಮರುತಿಂಗಳೇ, 1947ರ ಸೆಪ್ಟೆಂಬರ್ 27ರಂದು, ಆಂಗ್ಲಿಕನ್ ಸಭೆ, ಬ್ರಿಟಿಷ್ ಮೂಲದ ಮೆಥಡಿಸ್ಟ್ ಸಭೆ ಹಾಗೂ ದಕ್ಷಿಣ ಭಾರತ ಸಂಯುಕ್ತ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಮೈಸೂರು, ತುಮಕೂರುಗಳ ವೆಸ್ಲಿಯನ್ ಪರಂಪರೆಯ ಮೆಥಡಿಸ್ಟರು ಅದರಲ್ಲಿ ಸೇರಿದರು. ಕೋಲಾರದ ಮೆಥಡಿಸ್ಟರು ಹೊರಗುಳಿದರು. ಒಂದೇ ಭಾಷೆ, ಒಂದೇ ರಾಜ್ಯ, ಇಬ್ಬರೂ ಜಾನ್ ವೆಸ್ಲಿಯ ಅನುಯಾಯಿಗಳು. ಬೇರ್ಪಡಿಸಿದ್ದು ಅವರಿಗೆ ಉಪದೇಶಿಸಿದವರ ದೇಶ. ಕೋಲಾರದ ಸಭೆಯನ್ನೊಳಗೊಂಡ ಭಾರತದ ಮೆಥಡಿಸ್ಟ್ ಸಭೆ ಸ್ವಾಯತ್ತವಾದದ್ದು 1981ರಲ್ಲಿ. ಗಣರಾಜ್ಯ ಸ್ಥಾಪನೆಯಾಗಿ 31 ವರ್ಷಗಳಾದರೂ ಸಭೆಯ ಆಡಳಿತಸೂತ್ರ ಅಮೆರಿಕದ ಮಹಾಸಭೆಗೆ ಕಟ್ಟಿಕೊಂಡೇ ಇತ್ತೆಂಬುದನ್ನು ಭಕ್ತಿಯ ಮಾತಿನಿಂದ ಮರೆಮಾಡಲಾಗದು. ಇದು ವಿಶ್ವಾಸಿಯ ದೇಶದ್ರೋಹವಲ್ಲ, ನಿಜ, ಆಡಳಿತದ ಹಿಂಜರಿಕೆ. ಹಿಂಜರಿಕೆಗೆ ಹಿಂಜರಿಕೆ ಎಂದೇ ಹೆಸರಿಡಬೇಕು.

ಈ ವಿವೇಕ 1956ರ ನಿಯೋಗಿ ಸಮಿತಿಯ ವರದಿಯಲ್ಲಿ ಕಡಿಮೆ. ಮಧ್ಯಪ್ರದೇಶ ಸರ್ಕಾರ ನೇಮಿಸಿದ ಈ ಸಮಿತಿ ವಿದೇಶೀ ಹಣದ ಬಗ್ಗೆ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಣದ ಮೂಲದಿಂದ ಮನಸ್ಸಿನ ನಿಷ್ಠೆಗೆ ಅದು ಹಾರುವ ದಾರಿಯಲ್ಲಿ ಸೇತುವೆಯಿಲ್ಲ. ಇದಕ್ಕುತ್ತರವಾಗಿ ಕ್ರೈಸ್ತ ಲೇಖಕರು ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಎಚ್. ಸಿ. ಮುಖರ್ಜಿಯವರನ್ನೂ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿದ್ದು 1924ರಲ್ಲಿ ಸರ್ವಜ್ಞನ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ, 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಉತ್ತಂಗಿ ಚನ್ನಪ್ಪನವರನ್ನೂ ಹೆಸರಿಸುವುದುಂಟು. ಅವರ ಸೇವೆ ನಿರ್ವಿವಾದ. ಆದರೂ ಖ್ಯಾತನಾಮರ ಪಟ್ಟಿಯಿಂದ ನಿಷ್ಠೆಯನ್ನು ಸಾಧಿಸುವ ಕ್ರಮ ಈ ಲೇಖಕನಿಗೆ ಒಪ್ಪಿಗೆಯಿಲ್ಲ. ಯಾವ ಗ್ರಂಥವನ್ನೂ ಸಂಪಾದಿಸದ ಕೂಲಿಕಾರ ಕ್ರೈಸ್ತನು ಯಾವ ಪ್ರಮಾಣಪತ್ರವನ್ನು ತೋರಿಸಬೇಕು? ಅವನ ನೆರೆಯವನನ್ನು ಯಾರೂ ಅದನ್ನು ಕೇಳುವುದಿಲ್ಲವಲ್ಲ.

ಆದುದರಿಂದ ಈ ಪ್ರಾಂತದ ಸಭಾಚರಿತ್ರೆಯನ್ನು ಮಿಷನ್ ವರದಿಗಳಿಂದಾಚೆಗೆ ಒಯ್ಯಬೇಕು. ದೀಕ್ಷಾಸ್ನಾನದ ದಾಖಲೆಪುಸ್ತಕ, ಸಭೆಯ ಜಮೀನಿನ ಪತ್ರ, ದೇಶೀಯ ಸಭಾಪಾಲಕರ ಕಾಗದ, ಹಿರಿಯರ ಬಾಯಿಮಾತು ಇವನ್ನು ಒಟ್ಟಿಗಿಟ್ಟು ಓದಬೇಕು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತೆಲುಗೂ ಮಾಲೂರಿನಲ್ಲಿ ತಮಿಳೂ ಕನ್ನಡದ ಜೊತೆಯಲ್ಲೇ ನಡೆಯುತ್ತವೆ. ಇಂಗ್ಲಿಷ್ ವರದಿಗಳನ್ನಷ್ಟೇ ಬಲ್ಲ ಸಂಶೋಧಕನಿಗೆ ಅಲ್ಲಿ ಕೆಲಸ ಸಾಗದು.