ಮಿಠಾಯಿಯ ಭಾಷೆ, ಬೀಗದ ಭಾಷೆ

ಪುಸ್ತಕ ವಿಮರ್ಶೆ ಮಾಡುವವರಿದ್ದಾರೆ. ಸಿನಿಮಾ ವಿಮರ್ಶೆ ಮಾಡುವವರಂತೂ ಮನೆಗೊಬ್ಬರಿದ್ದಾರೆ. ಧಾರಾವಾಹಿಯಲ್ಲಿ ನಿನ್ನೆ ಸೊಸೆ ಆಡಿದ ಮಾತು ಸರಿಯೋ ತಪ್ಪೋ ಎಂದು ನಾವು ಕಾಂಪೌಂಡಿನ ಆಚೆ ಈಚೆ ನಿಂತು ಅರ್ಧ ಗಂಟೆ ಚರ್ಚಿಸಬಲ್ಲೆವು. ಆದರೆ ಬೆಳಗಿನಿಂದ ರಾತ್ರಿಯ ತನಕ ಕೈಯಲ್ಲೇ ಇರುವ ಮೊಬೈಲಿನೊಳಗಿನ ಸರಕನ್ನು ಯಾರೂ ಹಾಗೆ ಕೂತು ತೂಗಿ ನೋಡುವುದಿಲ್ಲ. ಹೊಸ ಫೋನು ಮನೆಗೆ ಬಂದರೆ ಕ್ಯಾಮೆರಾ ಎಂಥದ್ದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಗಂಡಸರು ಒಪ್ಪಿಸುತ್ತಾರೆ. ಕಿರಾಣಿ ಅಂಗಡಿಯ ದರಪಟ್ಟಿ ಓದಿದ ಹಾಗಿರುತ್ತದೆ. ಇದನ್ನು ಮಾಡಿದವರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು, ಬಳಸುವವಳನ್ನು ಏನೆಂದು ತಿಳಿದುಕೊಂಡರು ಎಂಬ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಕಥೆ ಕಾದಂಬರಿಗಳ ವಿಷಯದಲ್ಲಿ ಈ ಪ್ರಶ್ನೆ ಕೇಳಲು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇ ಫೋನಿನೊಳಗಿನ ಎರಡು ವಸ್ತುಗಳಿಗೆ ಕೇಳಿ ನೋಡೋಣ ಎನಿಸಿತು. ಒಂದು, ಕ್ಯಾಂಡಿ ಕ್ರಷ್ ಎಂಬ ಮಿಠಾಯಿ ಆಟ. ಇನ್ನೊಂದು, ನಮ್ಮ ದುಡ್ಡು ಕಾಯಲೆಂದು ಇಟ್ಟಿರುವ ಪಾಸ್‌ವರ್ಡು, ಪಿನ್ನು, ಓಟಿಪಿಗಳ ಬೀಗ.

ಮಿಠಾಯಿಯಿಂದಲೇ ಶುರು ಮಾಡುತ್ತೇನೆ. ಕಿಂಗ್ ಎಂಬ ಕಂಪನಿ ಇದನ್ನು 2012ರಲ್ಲಿ ಮೊದಲು ಫೇಸ್‌ಬುಕ್ಕಿನಲ್ಲಿ, ಅದೇ ವರ್ಷದ ಕೊನೆಗೆ ಮೊಬೈಲಿನಲ್ಲಿ ಬಿಟ್ಟಿತು. ಬಣ್ಣಬಣ್ಣದ ಮಿಠಾಯಿಗಳ ಒಂದು ಮಣೆ. ಪಕ್ಕಪಕ್ಕದ ಎರಡನ್ನು ಅದಲು ಬದಲು ಮಾಡಿ ಒಂದೇ ಬಣ್ಣದ ಮೂರನ್ನು ಸಾಲಾಗಿ ಕೂಡಿಸಿದರೆ ಅವು ಒಡೆದು ಮಾಯವಾಗುತ್ತವೆ, ಮೇಲಿನವು ಕೆಳಗೆ ಜಾರುತ್ತವೆ. ಇಷ್ಟೇ. ಎಳೆಯ ಮಕ್ಕಳ ಆಟ ಎಂದು ಮೂಗು ಮುರಿಯುವವರು ನಾಲ್ಕು ದಿನ ಆಡಿ ನೋಡಬೇಕು. ನಾಲ್ಕು ಕೂಡಿಸಿದರೆ ಗೆರೆ ಇರುವ ಮಿಠಾಯಿ ಹುಟ್ಟುತ್ತದೆ, ಐದು ಸಾಲಾಗಿ ಕೂಡಿಸಿದರೆ ಒಂದು ಬಣ್ಣವನ್ನೇ ಮಣೆಯಿಂದ ಗುಡಿಸಿಹಾಕುವ ಗುಂಡು. ಕೆಳಗೆ ಒಂದನ್ನು ಸರಿಸಿದರೆ ಮೇಲೆ ಏನಾದೀತು ಎಂದು ಮೊದಲೇ ಲೆಕ್ಕ ಹಾಕಬೇಕು. ಚೌಕಾಬಾರದಲ್ಲಿ ಕವಡೆ ಬಿದ್ದ ಮೇಲೆ ಯಾವ ಕಾಯಿ ನಡೆಸಲಿ ಎಂದು ನಮ್ಮ ಅಜ್ಜಿಯರು ಹುಬ್ಬು ಗಂಟಿಕ್ಕಿ ಕೂರುತ್ತಿದ್ದರಲ್ಲ, ಅದೇ ಬುದ್ಧಿ ಇಲ್ಲಿಯೂ ಬೇಕು.

ಈ ಆಟದ ನಿಜವಾದ ಜಾಣತನ ಇರುವುದು ಅದು ಪಾಠ ಹೇಳುವ ರೀತಿಯಲ್ಲಿ. ಇಂಗ್ಲಿಷ್ ಅಕ್ಷರ ಬಾರದವಳೂ ಇದನ್ನು ಕಲಿಯುತ್ತಾಳೆ. ಮೊದಲ ಕೆಲವು ಹಂತಗಳಲ್ಲಿ ಯಾವುದನ್ನು ಎಲ್ಲಿಗೆ ಸರಿಸಬೇಕೆಂದು ಅದೇ ತೋರಿಸಿಕೊಡುತ್ತದೆ. ಆಮೇಲೂ ನೀವು ತೋಚದೆ ಕೆಲವು ಕ್ಷಣ ಸುಮ್ಮನೆ ಕೂತರೆ, ಕೂಡಿಸಬಹುದಾದ ಮಿಠಾಯಿಗಳು ತಾವಾಗಿಯೇ ಮೆಲ್ಲಗೆ ಅಲುಗಾಡುತ್ತವೆ. ತಪ್ಪಾಗಿ ಸರಿಸಿದರೆ ಬೈಯುವುದಿಲ್ಲ. ಮಿಠಾಯಿ ತನ್ನ ಜಾಗಕ್ಕೆ ಹಿಂತಿರುಗುತ್ತದೆ, ಅಷ್ಟೆ. ಗೆದ್ದರೆ ಒಂದು ದಪ್ಪ ಗಂಡಸಿನ ದನಿ ಹೊಗಳುತ್ತದೆ. ದಿನವಿಡೀ ಬೆವರಿ ಮೂರು ಹೊತ್ತು ಬೇಯಿಸಿ ಹಾಕಿದರೂ ಒಂದು ಒಳ್ಳೆ ಮಾತು ಕೇಳದ ಮನೆಗಳಲ್ಲಿ ಆ ದನಿಯ ಬೆಲೆ ಏನೆಂದು ಆ ಕಂಪನಿಗೆ ಗೊತ್ತಿತ್ತು ಎಂದೇ ನನ್ನ ಅನುಮಾನ.

ಹೊಗಳಿದ್ದು ಸಾಕು. ಇದರ ದೋಷವೂ ಇದೇ ಜಾಣತನದೊಳಗೇ ಇದೆ. ಹಿಂದೆ ನೋಕಿಯಾ ಫೋನಿನಲ್ಲಿ ಹಾವಿನ ಆಟ ಇತ್ತು, ನೆನಪಿರಬಹುದು. 1997ರ ನೋಕಿಯಾ 6110ರಲ್ಲಿ ಬಂದದ್ದು. ಹಾವು ತಿಂದು ತಿಂದು ಉದ್ದವಾಗಿ ಕೊನೆಗೆ ತನ್ನ ಮೈಗೇ ಡಿಕ್ಕಿ ಹೊಡೆದು ಸಾಯುತ್ತಿತ್ತು. ಆಟ ಮುಗಿಯಿತು, ಫೋನು ಕೆಳಗಿಟ್ಟೆವು, ಕುಕ್ಕರ್ ಕೂಗಿತು, ಎದ್ದು ಹೋದೆವು. ಚೌಕಾಬಾರದಲ್ಲೂ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿದಂತೆ. ಕ್ಯಾಂಡಿ ಕ್ರಷ್‌ಗೆ ಕೊನೆಯೇ ಇಲ್ಲ. ಹಂತಗಳು ಹತ್ತು ಸಾವಿರವನ್ನು ದಾಟಿವೆ, ಇನ್ನೂ ಸೇರಿಸುತ್ತಲೇ ಇದ್ದಾರೆ. ಸೋತಾಗ ಐದು ಜೀವಗಳಲ್ಲಿ ಒಂದು ಹೋಗುತ್ತದೆ. ಹೋದ ಜೀವ ಮರಳಿ ಬರಲು ಅರ್ಧ ಗಂಟೆ ಕಾಯಬೇಕು. ಕಾಯಲಾರದವಳು ಕೊಳ್ಳಬಹುದು. ಇನ್ನೊಂದೇ ನಡೆ ಇದ್ದಿದ್ದರೆ ಗೆಲ್ಲುತ್ತಿದ್ದೆ ಎನ್ನುವ ಹೊತ್ತಿಗೇ ಸರಿಯಾಗಿ ಐದು ನಡೆಗಳನ್ನು ಚಿನ್ನದ ಗಟ್ಟಿಯ ಲೆಕ್ಕದಲ್ಲಿ ಮಾರಲು ಬರುತ್ತದೆ. ಆ ಚಿನ್ನ ಬಣ್ಣದ ಚಿತ್ರ. ಅದಕ್ಕೆ ಕೊಡುವ ರೂಪಾಯಿ ಮಾತ್ರ ನಿಜದ್ದು. ಬಹುಪಾಲು ಜನ ಬಿಡಿಗಾಸೂ ಕೊಡದೆ ಆಡುತ್ತಾರೆ. ಆದರೂ 2015ರಲ್ಲಿ ಆಕ್ಟಿವಿಷನ್ ಬ್ಲಿಜಾರ್ಡ್ ಎಂಬ ದೊಡ್ಡ ಕಂಪನಿ ಈ ಕಿಂಗ್ ಅನ್ನು ಸುಮಾರು 590 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. 2023ರಲ್ಲಿ ಮೈಕ್ರೋಸಾಫ್ಟ್ ಆ ದೊಡ್ಡ ಕಂಪನಿಯನ್ನೇ ಕೊಂಡಿತು. ನಾವು ಬಸ್ ಸ್ಟ್ಯಾಂಡಿನಲ್ಲಿ ಕೂತು ಒಡೆದ ಮಿಠಾಯಿಗೆ ಎಷ್ಟು ಬೆಲೆ ಬಂತು ನೋಡಿ. (ದುಡ್ಡು ಕಟ್ಟಿ ಆಡುವ ರಮ್ಮಿಯಂಥ ಆಟಗಳ ಮಾತು ಬೇರೆ. ಅವು ಮನೆ ಮಠ ತೊಳೆದದ್ದನ್ನು ಕಂಡೇ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ತಂದು ನಿಷೇಧಿಸಿತು.)

ಇಷ್ಟಾಗಿಯೂ ಒಂದು ಮಾತನ್ನು ಒಪ್ಪಲೇಬೇಕು. ಈ ಆಟ ಮಾಡಿದವರು ನಮ್ಮನ್ನು ದಡ್ಡರೆಂದು ತಿಳಿದಿಲ್ಲ. ನಮ್ಮ ಹೊತ್ತು ಬೇಕಿತ್ತು ಅವರಿಗೆ, ಅದಕ್ಕಾಗಿ ನಮ್ಮ ಕಣ್ಣು, ಬೆರಳು, ಬೇಸರ, ಆಸೆ ಎಲ್ಲವನ್ನೂ ಕೂತು ಓದಿಕೊಂಡರು.

ಈಗ ಬೀಗದ ಕಡೆ ಬರೋಣ. ನಮ್ಮ ಬೀದಿಯ ಒಬ್ಬಾಕೆ, ನನಗಿಂತ ಹತ್ತು ವರ್ಷ ಚಿಕ್ಕವಳು, ಈ ಮಿಠಾಯಿ ಆಟದಲ್ಲಿ ಮೂರು ಸಾವಿರದ ಮೇಲಿನ ಹಂತದಲ್ಲಿದ್ದಳು. 2021ರಲ್ಲಿ ಹಳೆಯ ಹೊಲಿಗೆ ಮೆಷಿನ್ನು ಮಾರಲೆಂದು ಫೋನಿನಲ್ಲೇ ಜಾಹೀರಾತು ಹಾಕಿದಳು. ಮಿಲಿಟರಿಯವನೆಂದು ಹೇಳಿಕೊಂಡು ಒಬ್ಬ ಹಿಂದಿಯಲ್ಲಿ ಮಾತಾಡಿದ, ಚೌಕಾಸಿ ಮಾಡದೆ ಒಪ್ಪಿದ, ದುಡ್ಡು ಈಗಲೇ ಹಾಕುತ್ತೇನೆ ಎಂದ. ಪರದೆಯ ಮೇಲೆ ಏನೋ ಬಂತು. "ಪಿನ್ ಒತ್ತಿ, ದುಡ್ಡು ನಿಮಗೆ ಸೇರುತ್ತದೆ" ಎಂದ. ಒತ್ತಿದಳು. ಒಂಬತ್ತು ಸಾವಿರದ ಐನೂರು ರೂಪಾಯಿ ಅವಳ ಖಾತೆಯಿಂದಲೇ ಹೋಯಿತು. "ಅಕ್ಕಾ, ಬಣ್ಣ ಬದಲಾಗಿದ್ದಿದ್ದರೂ ನನಗೆ ಗೊತ್ತಾಗ್ತಿತ್ತು. ಎಲ್ಲ ಒಂದೇ ಥರ ಇತ್ತು" ಎಂದಳು ನನ್ನ ಹತ್ತಿರ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ.

ಅವಳಿಗೆ ಗೊತ್ತಿಲ್ಲದಿದ್ದ ಸಂಗತಿ ಒಂದೇ. ಯುಪಿಐನಲ್ಲಿ ಪಿನ್ ಬೇಕಾಗುವುದು ದುಡ್ಡು ಕೊಡುವುದಕ್ಕೆ. ದುಡ್ಡು ಬರುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಈ ವ್ಯವಸ್ಥೆ 2016ರಲ್ಲಿ ಬಂತು. ಅದರೊಳಗೆ, ಒಬ್ಬರು ಇನ್ನೊಬ್ಬರಿಂದ ದುಡ್ಡು ಕೇಳಿ ಕೋರಿಕೆ ಕಳಿಸುವ ಅನುಕೂಲವನ್ನೂ ಇಟ್ಟಿದ್ದರು. ವಂಚಕರು ಹಿಡಿದದ್ದು ಅದನ್ನೇ. ಕೊಡುವ ಬಾಗಿಲು ಯಾವುದು, ಪಡೆಯುವ ಬಾಗಿಲು ಯಾವುದು ಎಂದು ಕಣ್ಣಿಗೆ ಹೊಡೆದು ಹೇಳುವ ಗುರುತು ಅವಳ ಪರದೆಯ ಮೇಲೆ ಇರಲಿಲ್ಲ. ಇದ್ದದ್ದು ಸಣ್ಣಕ್ಷರದ ಇಂಗ್ಲಿಷು. ಮಿಠಾಯಿ ಆಟ ಕೆಂಪು ಹಳದಿಗಳಲ್ಲಿ ಹೇಳಿದ್ದನ್ನು ಮೂರು ಸಾವಿರ ಹಂತದವರೆಗೆ ಎಲ್ಲೂ ತಪ್ಪದೆ ಓದಿಕೊಂಡು ಬಂದ ಹೆಣ್ಣಿಗೆ ಬೀಗ ಮಾಡಿದವರು ಒಂದೇ ಒಂದು ಬಣ್ಣದಲ್ಲಿ ಎಚ್ಚರಿಕೆ ಕೊಡಲಾಗಲಿಲ್ಲವೆ?

ಮನೆಯಲ್ಲಿ ಆಮೇಲೆ ಆದದ್ದನ್ನೂ ಹೇಳಬೇಕು. "ಇವಳ ಕೈಗೆ ಫೋನ್ ಕೊಟ್ಟಿದ್ದೇ ತಪ್ಪು" ಎಂದರು ಯಜಮಾನರು. ದುಡ್ಡು ಕಳಿಸುವ ಆ್ಯಪನ್ನು ಅವಳ ಫೋನಿನಿಂದ ತೆಗೆದುಹಾಕಿದರು. ಮಿಠಾಯಿ ಆಟವನ್ನು ಹಾಗೇ ಬಿಟ್ಟರು. ಹೊಲಿಗೆಯಿಂದ ಬರುತ್ತಿದ್ದ ನೂರು ಇನ್ನೂರು ರೂಪಾಯಿಯೂ ಅಂದಿನಿಂದ ಅವರ ನಂಬರಿಗೇ ಹೋಗತೊಡಗಿತು. ಒಂಬತ್ತೂವರೆ ಸಾವಿರಕ್ಕಿಂತ ದೊಡ್ಡ ನಷ್ಟ ಇದು ಎಂದು ನಾನು ಲೆಕ್ಕ ಹಾಕುತ್ತೇನೆ. ಪೊಲೀಸ್ ದೂರಿನಲ್ಲಿ ಬರೆಸಲು ಬಾರದ ನಷ್ಟ.

ತಪ್ಪೆಲ್ಲ ಬಳಸಿದವರದೇ ಎನ್ನುವ ಗುಣ ಮನೆಯ ಯಜಮಾನರಿಗಷ್ಟೇ ಇರುವುದಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಬ್ಯಾಂಕಿನದೂ ಅಲ್ಲದ, ಗ್ರಾಹಕರದೂ ಅಲ್ಲದ ತಪ್ಪಿನಿಂದ ದುಡ್ಡು ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂದು ಅದು ಹೇಳಿತು. ಒಳ್ಳೆಯದೇ. ಆದರೆ ಗುಟ್ಟಿನ ವಿವರವನ್ನು ತಾವಾಗಿ ಕೊಟ್ಟಂಥ ನಿರ್ಲಕ್ಷ್ಯ ಗ್ರಾಹಕರದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವರದೇ ಎಂದೂ ಹೇಳಿತು. ನಿರ್ಲಕ್ಷ್ಯ ಎಂಬ ಪದ ಓದಲು ಸುಲಭ. ಅರ್ಥವಾಗದ ಪರದೆಯನ್ನು ಅರ್ಥವಾಗದಂತೆ ಬರೆದದ್ದು ಯಾರ ನಿರ್ಲಕ್ಷ್ಯ ಎಂದು ಕೇಳುವವರಿಲ್ಲ.

ಪಾಸ್‌ವರ್ಡಿನ ಕಥೆ ಇನ್ನೂ ತಮಾಷೆಯದು. ದೊಡ್ಡಕ್ಷರ ಇರಲಿ, ಅಂಕಿ ಇರಲಿ, ಆಶ್ಚರ್ಯಸೂಚಕ ಚಿಹ್ನೆ ಇರಲಿ, ಮೂರು ತಿಂಗಳಿಗೊಮ್ಮೆ ಬದಲಿಸಿ ಎಂಬ ಉಪದೇಶ ನಾವೆಲ್ಲ ಕೇಳಿದ್ದೇವೆ. ಇದು ಜಗತ್ತಿಗೆಲ್ಲ ಹರಡಿದ್ದು ಬಹುಮಟ್ಟಿಗೆ 2004ರಲ್ಲಿ ಅಮೆರಿಕದ ನಿಸ್ಟ್ ಎಂಬ ಸರಕಾರಿ ಮಾನಕ ಸಂಸ್ಥೆ ಹೊರತಂದ ಒಂದು ಮಾರ್ಗಸೂಚಿಯಿಂದ. ಬಿಲ್ ಬರ್ ಎಂಬುವರು ಬರೆದದ್ದು. 2017ರಲ್ಲಿ ಅದೇ ಸಂಸ್ಥೆ ಆ ನಿಯಮಗಳನ್ನು ಕೈಬಿಟ್ಟಿತು. ಸುಮ್ಮಸುಮ್ಮನೆ ಬದಲಿಸುತ್ತಿರಬೇಡಿ, ಉದ್ದವಿದ್ದರೆ ಒಳ್ಳೆಯದು ಎಂದಿತು. ತಾವು ಹೇಳಿದ್ದರ ಬಹುಪಾಲಿಗೆ ಈಗ ವಿಷಾದವಿದೆ ಎಂದು ಬರ್ ಅವರೂ ಆ ವರ್ಷ ಪತ್ರಿಕೆಗೆ ಹೇಳಿದರು. ಹಾಗೆ ಬದಲಿಸಿ ಅಂದಾಗ ಜನ ಮಾಡುವುದು ಹಳೆಯ ಪದದ ಕೊನೆಗೆ 1 ಇದ್ದದ್ದನ್ನು 2 ಮಾಡುವುದು, ಇಲ್ಲವೇ ಕ್ಯಾಲೆಂಡರಿನ ಹಿಂದೆ ಬರೆದಿಡುವುದು. ಅಮೆರಿಕದವರೂ ಇದನ್ನೇ ಮಾಡಿದರಂತೆ ಎಂದು ತಿಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ನಮ್ಮ ಬ್ಯಾಂಕೊಂದು ಮಾತ್ರ ಇವತ್ತಿಗೂ ನನ್ನಿಂದ ಆಶ್ಚರ್ಯಸೂಚಕ ಚಿಹ್ನೆ ಕೇಳುತ್ತದೆ.

ಬೀಗವೆಂದ ಮೇಲೆ ಸ್ವಲ್ಪ ಕಷ್ಟ ಇರಬೇಡವೆ, ಮಿಠಾಯಿಯಷ್ಟು ಸಲೀಸಾದರೆ ಕಳ್ಳನಿಗೂ ಸಲೀಸಲ್ಲವೆ ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಕಾರ್ಡಿನ ನಂಬರೊಂದೇ ಸಾಲದು, ಇನ್ನೊಂದು ಗುಟ್ಟೂ ಬೇಕು ಎಂದು ರಿಸರ್ವ್ ಬ್ಯಾಂಕು 2009ರಲ್ಲಿ ಕಡ್ಡಾಯ ಮಾಡಿದ್ದರಿಂದ ನಮ್ಮ ಎಷ್ಟೋ ದುಡ್ಡು ಉಳಿದಿದೆ. ಓಟಿಪಿ ಬೇಡ ಎಂದು ನಾನು ಹೇಳುತ್ತಿಲ್ಲ. ಬೀಗ ಗಟ್ಟಿಯಾಗಿರುವುದು ಬೇರೆ, ಯಾವ ಕಡೆಗೆ ತಿರುಗಿಸಿದರೆ ತೆರೆಯುತ್ತದೆಂದು ಮನೆಯವಳಿಗೇ ತಿಳಿಯದಿರುವುದು ಬೇರೆ. ಆ್ಯಪುಗಳಲ್ಲಿ ಈಗ ಕನ್ನಡ ಆರಿಸಿಕೊಳ್ಳಬಹುದು ಎನ್ನುತ್ತಾರೆ. ಆರಿಸಿ ನೋಡಿದೆ. ವಹಿವಾಟನ್ನು ದೃಢೀಕರಿಸಿ, ಅಧಿಕೃತಗೊಳಿಸಿ ಎಂಬ ಧಾಟಿಯ ಕನ್ನಡ ಅದು. ತರಕಾರಿಯವಳಿಗೆ ಮೂವತ್ತು ರೂಪಾಯಿ ಕೊಡುವುದಕ್ಕೆ ಯಾವ ಮನೆಯಲ್ಲಿ ಹಾಗೆ ಮಾತಾಡುತ್ತಾರೆ? "ನಿಮ್ಮ ಖಾತೆಯಿಂದ 9,500 ರೂಪಾಯಿ ಹೊರಗೆ ಹೋಗುತ್ತಿದೆ. ದುಡ್ಡು ಬರಬೇಕಾದವರು ಪಿನ್ ಒತ್ತಬೇಡಿ" ಎಂದು ದಪ್ಪ ಅಕ್ಷರದಲ್ಲಿ, ಕೆಂಪು ಪಟ್ಟಿಯ ಮೇಲೆ ಬರೆಯಲು ಎಷ್ಟು ಖರ್ಚು?

ಕೊನೆಗೂ ಒಂದು ಬಾಗಿಲನ್ನು ಮುಚ್ಚಿದರು ಎನ್ನಿ. ವ್ಯಕ್ತಿಯಿಂದ ವ್ಯಕ್ತಿಗೆ ದುಡ್ಡು ಕೇಳುವ ಆ ಕೋರಿಕೆಯನ್ನೇ 2025ರ ಅಕ್ಟೋಬರ್ 1ರಿಂದ ನಿಲ್ಲಿಸುವಂತೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಸೂಚಿಸಿತು. ಒಂಬತ್ತು ವರ್ಷ ಜಾಗರೂಕರಾಗಿರಿ, ಜಾಗರೂಕರಾಗಿರಿ ಎಂದು ನಮಗೆ ಬುದ್ಧಿ ಹೇಳಿದ ಮೇಲೆ, ಬದಲಾಗಬೇಕಿದ್ದುದು ಯಂತ್ರವೇ ಎಂದು ತೀರ್ಮಾನವಾಯಿತು. ಈ ಸುದ್ದಿಯನ್ನು ನಾನು ನಮ್ಮ ಬೀದಿಯವಳಿಗೆ ಓದಿ ಹೇಳಿದೆ. "ಹಂಗಾದ್ರೆ ನಂದೊಬ್ಬಳದೇ ತಪ್ಪಲ್ಲ ಅಂತಾಯ್ತಲ್ಲ" ಎಂದಳು. ಯಜಮಾನರಿಗೂ ಓದಿಸಿ ಎಂದು ಪೇಪರನ್ನು ಅವಳ ಕೈಗೇ ಕೊಟ್ಟು ಕಳಿಸಿದೆ.

ಇನ್ನೊಂದು ಉಳಿದಿದೆ. ಗುಟ್ಟಿನ ನಂಬರು ಬರುವುದು ಯಾರ ಫೋನಿಗೆ? ಖಾತೆ ಹೆಂಡತಿಯದು, ಜೋಡಿಸಿದ ಮೊಬೈಲ್ ನಂಬರು ಗಂಡನದೋ ಮಗನದೋ ಆಗಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಅವಳು ತೌರಿನ ತಮ್ಮನಿಗೆ ಐನೂರು ಕಳಿಸಿದರೂ ಮೊದಲು ಟಿಂಗ್ ಎನ್ನುವುದು ಅವರ ಜೇಬಿನಲ್ಲಿ. ಗ್ಯಾಸ್ ಸಿಲಿಂಡರಿನದೂ ಅದೇ ಪಾಡು: ಹುಡುಗ ಬಾಗಿಲಲ್ಲಿ ಸಿಲಿಂಡರ್ ಇಳಿಸಿ ನಂಬರು ಹೇಳಿ ಅಮ್ಮಾ ಎನ್ನುತ್ತಾನೆ, ಅದು ಆಫೀಸಿನಲ್ಲಿರುವವರ ಫೋನಿಗೆ ಬಂದಿರುತ್ತದೆ, ಅವರು ಮೀಟಿಂಗಿನಲ್ಲಿರುತ್ತಾರೆ. ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ಒಂದೊಂದು ಸಲ ಹೋಗಿ ಅರ್ಜಿ ಕೊಟ್ಟು ಗುರುತಿನ ಚೀಟಿ ತೋರಿಸಿದರೆ ನಂಬರನ್ನು ನಮ್ಮದಕ್ಕೇ ಬದಲಿಸಿಕೊಳ್ಳಬಹುದು. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ಮಾಡಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಂಭವ ಹೆಚ್ಚು. ಈ ನಂಬರನ್ನು ಮಾತ್ರ ಕ್ಯಾಲೆಂಡರಿನ ಮೇಲೆ, ಎದ್ದು ಕಾಣುವ ಹಾಗೆ, ಧಾರಾಳವಾಗಿ ಬರೆದಿಡಿ.